ಅಪ್‌ಡೇಟ್: ಅಮ್ಮನ ಸಿಇಎ ಏರಿದ್ದಕ್ಕೆ ಕಾರಣ ಸಿಕ್ಕಿತು

ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅಮ್ಮನ ರಕ್ತದಲ್ಲಿ ಸಿಇಎ (ಕೆಲವು ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗುವ ಒಂದು ಪ್ರೋಟೀನ್) 4ರಿಂದ 11ಕ್ಕೆ ಏರಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ ಅಂದವರ ಮಾತು ಕೆಲಸಕ್ಕೆ ಬಂತು. ಲ್ಯಾಬ್ ಬದಲಾದರೆ ಕಿಟ್ ಬದಲಾಗಿ ಅಂಕಿಯೂ ಬದಲಾಗಬಹುದಂತೆ. ಈ ಸಲ 14. ಸಿಟಿ ಸ್ಕ್ಯಾನಿನಲ್ಲಿ ಲಿವರಿನ ಬಲಭಾಗದಲ್ಲಿ ಒಂದೇ ಒಂದು ಗಂಟು ಕಾಣಿಸಿತು.

ಸಿಇಎ ಇಳಿಯುತ್ತೆ ಅಂತ ಕೆಲವರು ಹೇಳಿದ ಗೋಧಿಹುಲ್ಲಿನ ರಸದಿಂದ ಏನೂ ಇಳಿಯಲಿಲ್ಲ, ಅಮ್ಮನಿಗೆ ಹೊಟ್ಟೆ ತೊಳಸಿದ್ದಷ್ಟೇ. ಗೊತ್ತಿರಲಿ: ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಜಾಸ್ತಿ ಇರಬಹುದು. ಕೆಲವರಲ್ಲಿ ಕ್ಯಾನ್ಸರ್ ಮರಳಿದರೂ ಏರುವುದೇ ಇಲ್ಲ!

ಮುಂದೇನು ಅಂತ ಆ ಅಂಕಿಯೊಂದೇ ಹೇಳುವುದಿಲ್ಲ, ಗಂಟು ಪೂರ್ತಿ ತೆಗೆಯಲು ಬರುತ್ತದಾ ಅನ್ನುವುದು ತುಂಬಾ ಮುಖ್ಯ ಅಂದರು ಡಾಕ್ಟರು. ಅಮ್ಮನದ್ದು ತೆಗೆಯಬಹುದಂತೆ. ಮುಂದಿನ ವಾರ ಆಪರೇಷನ್. ಆಮೇಲೆ ಸಿಇಎ ನಾರ್ಮಲ್‌ಗೆ ಇಳಿದರೆ ಒಳ್ಳೆಯ ಲಕ್ಷಣವಂತೆ.