ಮಹೀಂದ್ರ ಎಂಎಂ 540 ಡೀಸೆಲ್ ಜೀಪ್ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗ್ತಿಲ್ಲ, ಹೀಟರ್ ಬದಲಾಯಿಸಿದ್ರೂ ಅದೇ ಕಥೆ

ಆಲ್ದೂರು_540
ಗಾಡಿ 1992 ಮಾಡೆಲ್. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದ್ರೂ ಹತ್ತಲ್ಲ. ಮೂರು ವಾರ ಆಯ್ತು. ಬ್ಯಾಟರಿ ಹೊಸದು, ಸ್ಟಾರ್ಟ್ ಆಗೋಕೆ ಇಂಜಿನ್ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್ ಬದಲಾಯಿಸಿದ್ದಾಯ್ತು, ಸರ್ವಿಸೂ ಆಗಿದೆ. ಒಂದು ಸಲ ಹತ್ತಿದ್ರೆ ಸಂಜೆವರೆಗೂ ಕೀ ಮುಟ್ಟಿದ್ರೆ ಸಾಕು. ಹಣ್ಣು ಕುಯ್ಲು ನಡೀತಿದೆ, ಏಳು ಗಂಟೆಗೆ ಆಳುಗಳನ್ನ ಕರ್ಕೊಂಡು ಬರ್ಬೇಕು, ನಾವು ನೋಡಿದ್ರೆ ಶೆಡ್ಡಲ್ಲಿ ಗಾಡಿ ತಳ್ತಾ ನಿಂತಿರ್ತೀವಿ. ತಲೆ ಕೆಟ್ಟುಹೋಗಿದೆ. ಗೊತ್ತಿದ್ದೋರು ದಯವಿಟ್ಟು ಹೇಳಿ.

ಸ್ಪ್ಯಾನರ್_ಬೇಲೂರು
ಹೀಟರ್ ಸರ್, ನೂರಕ್ಕೆ ನೂರು. ಪ್ಲಗ್ ಹೊಸದಾದ್ರೆ ಸಾಲದು, ಅದಕ್ಕೆ ಕರೆಂಟ್ ಬರ್ಬೇಕಲ್ಲ. ನಾಲ್ಕು ಪ್ಲಗ್ಗನ್ನೂ ಸೇರಿಸೋ ಪಟ್ಟಿ ಬಿಚ್ಚಿ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಹಾಕಿ, ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಉರಿದ್ರೆ ಪ್ಲಗ್ ಜೀವಂತ, ಉರೀದಿದ್ರೆ ಒಳಗಿನ ಕಾಯಿಲ್ ಕಟ್. ಅಗ್ಗದ ಮಲ್ಟಿಮೀಟರ್ ಒಂದು ಓಮ್ ಕೆಳಗೆ ಸರಿಯಾಗಿ ಓದಲ್ಲ, ಅದನ್ನ ನಂಬಬೇಡಿ. ಆಮೇಲೆ ಪಟ್ಟಿ ವಾಪಸ್ ಹಾಕಿ, ಹೀಟರ್ ಆನ್ ಇರೋವಾಗ ಪಟ್ಟಿ ಮೇಲೆ ವೋಲ್ಟೇಜ್ ನೋಡಿ. 11ರ ಹತ್ತಿರ ಇರ್ಬೇಕು. 8, 9 ಬಂದ್ರೆ ರಿಲೇ ಒಳಗಿನ ಪಾಯಿಂಟ್ ಸುಟ್ಟಿದೆ.

ಹೇಮಾವತಿ_ಡೀಸೆಲ್
ಸೆಲ್ಫ್ ಹೊಡೆಯುವಾಗ ಸೈಲೆನ್ಸರಲ್ಲಿ ಹೊಗೆ ಬರುತ್ತಾ? ಬಂದ್ರೆ ಯಾವ ಬಣ್ಣ?

ಮುಳ್ಳಯ್ಯನಗಿರಿ_ಫೋರ್‌ಬೈಫೋರ್
ನಮ್ಮ ಕಡೆ ಎತ್ತರ ಸಾವಿರ ಮೀಟರ್ ಆಸುಪಾಸು. ಸಮುದ್ರಮಟ್ಟಕ್ಕಿಂತ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಹಳೇ ಇಂಜಿನ್, ಪಿಸ್ಟನ್ ರಿಂಗ್ ಸವೆದಿದ್ರೆ ಬೆಳಗಿನ ಚಳೀಲಿ ಕಂಪ್ರೆಷನ್, ಅಂದ್ರೆ ಸಿಲಿಂಡರಲ್ಲಿ ಗಾಳಿ ಅದುಮೋ ಒತ್ತಡ, ಸಾಕಾಗಲ್ಲ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಸಿಲಿಂಡರ್ ಮತ್ತೆ ಕೊರೆಸೋಕೆ (ರಿಬೋರ್) ರೆಡಿ ಇರಿ.

ಕಳಸ_ಘಾಟಿ
ಅಷ್ಟೆಲ್ಲ ಯಾಕೆ ಮಾರಾಯ್ರೆ. ಒಂದು ಬಟ್ಟೆಗೆ ಪೆಟ್ರೋಲ್ ಹಾಕಿ ಏರ್ ಫಿಲ್ಟರ್ ಬಾಯಿಗೆ ಹಿಡಿದು ಸೆಲ್ಫ್ ಹೊಡೀರಿ, ಹತ್ತುತ್ತೆ.

ಹೇಮಾವತಿ_ಡೀಸೆಲ್
ದಯವಿಟ್ಟು ಅದನ್ನ ಮಾಡಬೇಡಿ. ಹೀಟರ್ ಕೆಂಪಗಾಗಿರೋ ಇಂಜಿನ್ನಿಗೆ ಪೆಟ್ರೋಲ್ ಆವಿ ಆಗಲಿ, ಈಥರ್ ಸ್ಪ್ರೇ ಆಗಲಿ ಹೋದ್ರೆ ಪಿಸ್ಟನ್ ಮೇಲಕ್ಕೆ ಬರೋ ಮುಂಚೆನೇ ಹೊತ್ತಿಕೊಳ್ಳುತ್ತೆ. ಪಿಸ್ಟನ್ನಿನಲ್ಲಿ ರಿಂಗ್ ಕೂರೋ ಗ್ರೂವ್ ಒಡೆಯುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಬೆಂಕಿ ವಾಪಸ್ ಹೊಡೆದ್ರೆ ಬಟ್ಟೆ ಹಿಡಿದವರ ಕೈಗೆ ಬರುತ್ತೆ. ಮೂರು ವಾರದ ತೊಂದರೆಗೆ ಇಂಜಿನ್ ಬಲಿ ಕೊಡೋದು ಬೇಡ.

ಕಳಸ_ಘಾಟಿ
ಲಾರಿಯೋರೆಲ್ಲ ಮಾಡ್ತಾರೆ.

ಹೇಮಾವತಿ_ಡೀಸೆಲ್
ಅವು ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೆ ಬೀಳುತ್ತೆ, ಹೀಟರ್ ಪ್ಲಗ್ ಇರಲ್ಲ. ಇದು ಎಕ್ಸ್‌ಡಿಪಿ 4.90 ಇಂಜಿನ್. ನಾಲ್ಕು ಸಿಲಿಂಡರ್, 90 ಮಿಮೀ ಬೋರ್, 2112 ಸಿಸಿ, ಡೀಸೆಲ್ ಮೊದಲು ಬೀಳೋದು ಹೆಡ್ಡಿನ ಪುಟ್ಟ ಚೇಂಬರಿಗೆ. ಎರಡನ್ನೂ ಒಂದೇ ತಕ್ಕಡೀಲಿ ತೂಗೋಕಾಗಲ್ಲ. ಆಲ್ದೂರಿನವರೆ, ಹೊಗೆ ವಿಷಯ ಹೇಳಿ.

ಆಲ್ದೂರು_540
ಮೊದಲ 15, 20 ಸೆಕೆಂಡ್ ಹೊಗೆನೇ ಇಲ್ಲ. ಆಮೇಲೆ ಬಿಳಿ ಹೊಗೆ, ಆಮೇಲೆ ಒಂದೆರಡು ಸಿಲಿಂಡರ್ ಹಿಡಿಯುತ್ತೆ, ಅಷ್ಟರಲ್ಲಿ ಬ್ಯಾಟರಿ ಸೋತಿರುತ್ತೆ. ಪಟ್ಟಿ ಮೇಲೆ 11.1 ವೋಲ್ಟ್ ಬರ್ತಿದೆ.

ಸ್ಪ್ಯಾನರ್_ಬೇಲೂರು
ಬಿಳಿ ಹೊಗೆ ಅಂದ್ರೆ ಉರೀದೇ ಇರೋ ಡೀಸೆಲ್. ಹೀಟರ್ ಅಂದ್ನಲ್ಲ. ಅರ್ತ್ ಪಟ್ಟಿಯನ್ನೂ ನೋಡಿ. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಮುಳ್ಳು ಇಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಅರ್ಧ ವೋಲ್ಟ್ ದಾಟಿದ್ರೆ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ. ಬ್ಯಾಟರಿ 9.6ಕ್ಕಿಂತ ಕೆಳಗೆ ಬೀಳಬಾರದು.

ಹೇಮಾವತಿ_ಡೀಸೆಲ್
ಬಿಳಿ ಹೊಗೆ ಬಿಡಿ, ಮೊದಲ 20 ಸೆಕೆಂಡ್ ಹೊಗೆ ಇಲ್ಲ ಅನ್ನೋದೇ ಮುಖ್ಯ ಮಾತು. ಹೊಗೆ ಇಲ್ಲ ಅಂದ್ರೆ ಡೀಸೆಲ್ ಸಿಂಪಡಿಸೋ ನಾಝಲ್‌ವರೆಗೆ ಡೀಸೆಲ್ಲೇ ಬಂದಿಲ್ಲ. ರಾತ್ರಿ ಲೈನಿಗೆ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ. ಹೀಟರ್ ಎಷ್ಟು ಕೆಂಪಗಾದ್ರೂ ಉರಿಯೋಕೆ ಏನಿದೆ ಅಲ್ಲಿ? ನಾಳೆ ಕೀ ತಿರುಗಿಸೋ ಮೊದಲು ಡೀಸೆಲ್ ಲೈನಿನ ಕೈಪಂಪು ಒತ್ತಿ. ಎಷ್ಟು ಸಲಕ್ಕೆ ಗಟ್ಟಿಯಾಗುತ್ತೆ ಎಣಿಸಿ. ಲೈನ್ ತುಂಬಿದ್ರೆ ನಾಲ್ಕೈದಕ್ಕೆ ಗಟ್ಟಿಯಾಗ್ಬೇಕು.

ಸ್ಪ್ಯಾನರ್_ಬೇಲೂರು
ಏರ್ ಇದ್ರೆ ಹಗಲಲ್ಲೂ ಓಡ್ತಾ ಓಡ್ತಾ ನಿಲ್ಲಬೇಕಿತ್ತು. ಪೈಪಲ್ಲಿ ಎಲ್ಲೂ ಡೀಸೆಲ್ ಒಸರಿಲ್ಲ ಅಂತಾನೂ ಕಾಣುತ್ತೆ.

ಹೇಮಾವತಿ_ಡೀಸೆಲ್
ಟ್ಯಾಂಕಿಂದ ಪಂಪಿನವರೆಗೆ ಇರೋದು ಎಳೆತ. ಅಲ್ಲಿ ಕೂದಲೆಳೆ ಸಂದಿದ್ರೆ ಡೀಸೆಲ್ ಹೊರಗೆ ಒಸರಲ್ಲ, ಗಾಳಿ ಒಳಗೆ ಹೋಗುತ್ತೆ. ಓಡುವಾಗ ಆ ಚೂರು ಗಾಳಿ ಡೀಸೆಲ್ ಜೊತೆ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಪೈಪಿಗೆ ಹೋಗಿಬಿಡುತ್ತೆ, ಗೊತ್ತೇ ಆಗಲ್ಲ. ಆರೇಳು ಗಂಟೆ ನಿಂತಾಗ ಅದೇ ಸಂದಿ ಇಡೀ ಲೈನ್ ಖಾಲಿ ಮಾಡುತ್ತೆ.

ಆಲ್ದೂರು_540
ಒತ್ತಿ ನೋಡ್ದೆ ಸರ್. 40ಕ್ಕೂ ಹೆಚ್ಚು ಸಲ ಬೇಕಾಯ್ತು. ಆಮೇಲೆ ಎರಡನೇ ಸೆಲ್ಫಿಗೆ ಹತ್ತಿತು. ಇನ್ನೊಂದು ವಿಷಯ, ಉಪಯೋಗ ಇದ್ಯೋ ಇಲ್ವೋ ಗೊತ್ತಿಲ್ಲ. ಹೋದ ವಾರ ಹಾಸನದಲ್ಲಿ ನೆಂಟರ ಮನೇಲಿ ರಾತ್ರಿ ನಿಂತಿತ್ತು, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಅಲ್ಲಿ ಸಮ ನೆಲ. ನಮ್ಮ ಶೆಡ್ ಏರಿನಲ್ಲಿದೆ, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸ್ತೀವಿ.

ಹೇಮಾವತಿ_ಡೀಸೆಲ್
ಇದನ್ನ ಮೊದಲ ಸಾಲಲ್ಲೇ ಬರೀಬೇಕಿತ್ತು! ಮೂತಿ ಮೇಲಾದ್ರೆ ಡೀಸೆಲ್ ಫಿಲ್ಟರ್ ಮೇಲೆ, ಟ್ಯಾಂಕ್ ಕೆಳಗೆ. ಡೀಸೆಲ್ ಹಿಂದಕ್ಕೆ ಇಳಿಯೋಕೆ ದಾರಿ ಮಾಡಿಕೊಟ್ಟ ಹಾಗೆ. ಇನ್ನು ಎತ್ತರದ ಮಾತಿಗೆ: ಹಾಸನವೂ ಸಾವಿರ ಮೀಟರ್ ಹತ್ತಿರವೇ ಇದೆ, ಅಲ್ಲೂ ಡಿಸೆಂಬರ್ ಚಳಿಯೇ. ಕಂಪ್ರೆಷನ್ ಹೋಗಿದ್ರೆ ಅಲ್ಲಿ ಹೇಗೆ ಹತ್ತಿತು?

ಮುಳ್ಳಯ್ಯನಗಿರಿ_ಫೋರ್‌ಬೈಫೋರ್
ಕಂಪ್ರೆಷನ್ ನೋಡ್ಸೋದು ಹೇಗಿದ್ರೂ ಒಳ್ಳೇದೇ. ನನ್ನ 540ಗೆ 100 ಆಂಪಿಯರ್ ಅವರ್ ಬ್ಯಾಟರಿ, ದಪ್ಪ ತಾಮ್ರದ ಕೇಬಲ್, ಮಡ್ ಟಯರ್, ಮುಂದೆ ವಿಂಚ್. ಎಂಥ ಚಳಿಗೂ ಅರ್ಧ ಸುತ್ತಿಗೇ ಹತ್ತುತ್ತೆ.

ಸ್ಪ್ಯಾನರ್_ಬೇಲೂರು
ವಿಂಚಿಗೂ ಸ್ಟಾರ್ಟಿಂಗಿಗೂ ಏನು ಸಂಬಂಧ? 100 ಆಂಪಿಯರಿಗೆ ಹಳೇ ಡೈನಮೋನೇ ಇಟ್ಟಿದ್ದೀರಾ, ಆಲ್ಟರ್ನೇಟರ್ ಬದಲಾಯಿಸಿದ್ರಾ?

ಮುಳ್ಳಯ್ಯನಗಿರಿ_ಫೋರ್‌ಬೈಫೋರ್
ದೊಡ್ಡ ಆಲ್ಟರ್ನೇಟರ್ ಹಾಕಿದ್ದೀನಿ. ಬ್ರಾಕೆಟ್ ಮಾಡಿಸಿದ್ದು, ಫೋಟೋ ಹಾಕ್ತೀನಿ.

ಹೇಮಾವತಿ_ಡೀಸೆಲ್
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಒಬ್ಬರ ಕುಯ್ಲು ನಿಂತಿದೆ.

ಆಲ್ದೂರಿನವರೆ, ಈಗ ಕ್ಯಾನ್ ಟೆಸ್ಟ್. ಐದು ಲೀಟರಿನ ಶುದ್ಧ ಕ್ಯಾನಿಗೆ ಬಟ್ಟೇಲಿ ಸೋಸಿದ ಡೀಸೆಲ್ ತುಂಬಿ, ಬಾನೆಟ್ ಎತ್ತರದಲ್ಲಿ ಅಲುಗಾಡದ ಹಾಗೆ ಕಟ್ಟಿ. ಅಲ್ಲಿಂದ ಪಾರದರ್ಶಕ ಡೀಸೆಲ್ ಪೈಪ್ ನೇರ ಪಂಪಿನ ಇನ್‌ಲೆಟ್ಟಿಗೆ. ಟ್ಯಾಂಕ್, ಕೈಪಂಪು, ಫಿಲ್ಟರ್ ಯಾವುದೂ ಮಧ್ಯೆ ಬೇಡ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಇಳಿಸಿ. ಏರ್ ತೆಗೆದು ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ, ಆಮೇಲೆ ಅದೇ ಏರಿನಲ್ಲಿ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ತಕ್ಷಣ ಹೊಗೆ ಬಂದು ಹತ್ತಿದ್ರೆ ಪಂಪ್, ನಾಝಲ್ ಎರಡರದ್ದೂ ತಪ್ಪಿಲ್ಲ. ಇದನ್ನ ಮಾಡದೆ ಪಂಪ್ ಬಿಚ್ಚೋಕೆ ಯಾರಿಗೂ ಕೊಡಬೇಡಿ.

ಆಲ್ದೂರು_540
ಮಾಡಿದೆ. ಐದೇ ಸೆಕೆಂಡಿಗೆ ಹತ್ತಿತು!! ಮೂತಿ ಮೇಲಕ್ಕೇ ಇತ್ತು.

ಹೇಮಾವತಿ_ಡೀಸೆಲ್
ಹಾಗಾದ್ರೆ ಸಂದಿ ಇರೋದು ಟ್ಯಾಂಕಿಂದ ಫಿಲ್ಟರಿನವರೆಗೆ. ತೊಂದರೆ ಶುರುವಾದದ್ದು ಸರ್ವಿಸ್ ಆದ ಮೇಲೆ ತಾನೆ? ಹಾಗಿದ್ರೆ ಮೊದಲು ಫಿಲ್ಟರ್ ಬಿಚ್ಚಿ. ಫಿಲ್ಟರ್ ತಲೆಯ ಗ್ರೂವಲ್ಲಿ ಹಳೇ ರಬ್ಬರ್ ರಿಂಗ್ ಕಪ್ಪಗೆ ಅಂಟಿಕೊಂಡಿರುತ್ತೆ, ಕಣ್ಣಿಗೆ ಕಾಣಲ್ಲ. ಅದರ ಮೇಲೇ ಹೊಸದು ಕೂರಿಸಿದ್ರೆ ಎಷ್ಟು ಬಿಗಿ ಮಾಡಿದ್ರೂ ಗಾಳಿ ಎಳೆಯುತ್ತೆ. ಬಿದಿರು ಕಡ್ಡೀಲಿ ಎಬ್ಬಿಸಿ, ಸ್ಕ್ರೂಡ್ರೈವರ್ ಹಾಕಿದ್ರೆ ಅಲ್ಯೂಮಿನಿಯಂ ಗೀಚುತ್ತೆ. ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿ. ಪೈಪ್ ಸೇರಿಸೋ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಎರಡೂ ಕಡೆ ಹೊಸದೇ ಹಾಕಿ, ಒಮ್ಮೆ ಒತ್ತಿ ಚಪ್ಪಟೆಯಾದದ್ದು ಮತ್ತೆ ಸರಿಯಾಗಿ ಕೂರಲ್ಲ. ಅದಕ್ಕೂ ಬಗ್ಗದಿದ್ರೆ ಕೈಪಂಪಿನ ಒಳಗಿನ ವಾಲ್ವ್ ನೋಡಬೇಕು.

ಆಲ್ದೂರು_540
ರಿಂಗ್ ಎರಡಿತ್ತು ಸರ್, ಒಂದರ ಮೇಲೊಂದು. ಹಳೇದು ಒಣಗಿ ಬಿರುಕು ಬಿಟ್ಟಿತ್ತು. ವಾಷರೂ ಬದಲಾಯಿಸಿದೆ. ಎರಡು ಬೆಳಿಗ್ಗೆಯಿಂದ ಐದಾರು ಸೆಕೆಂಡಿಗೆ ಹತ್ತುತ್ತಿದೆ. ಆದ್ರೆ ಮೊದಲ ಅರ್ಧ ನಿಮಿಷ ಇಂಜಿನ್ ಕುಣಿಯುತ್ತೆ, ಬಿಳಿ ಹೊಗೆನೂ ಇದೆ. ಆಮೇಲೆ ಸರಿಹೋಗುತ್ತೆ.

ಸ್ಪ್ಯಾನರ್_ಬೇಲೂರು
ಅದು ಒಂದು ಸಿಲಿಂಡರ್ ತಡವಾಗಿ ಹಿಡೀತಿರೋದು. ಬಲ್ಬ್ ಟೆಸ್ಟ್ ಮಾಡಿದ್ರಾ?

ಆಲ್ದೂರು_540
ಈಗ ಮಾಡಿದೆ. ನಾಲ್ಕನೇದಕ್ಕೆ ಉರೀಲಿಲ್ಲ. ಬದಲಾಯಿಸಿದ್ದು ಮೂರೇ, ಅದೊಂದು ಬಿಚ್ಚೋಕೆ ಬರಲಿಲ್ಲ ಅಂತ ಹಾಗೇ ಬಿಟ್ಟಿದ್ವಿ.

ಹೇಮಾವತಿ_ಡೀಸೆಲ್
ಹಾಗಾದ್ರೆ ಸ್ಪ್ಯಾನರ್ ಅವರ ಮಾತೂ ಸರಿ. ತೊಂದರೆ ಎರಡಿತ್ತು.

ಸ್ಪ್ಯಾನರ್_ಬೇಲೂರು
ತಣ್ಣಗಿರೋವಾಗ ಆ ನಾಲ್ಕನೇ ಪ್ಲಗ್ಗಿಗೆ ಬಲ ಹಾಕಬೇಡಿ. ಮುರಿದು ತುದಿ ಚೇಂಬರಲ್ಲಿ ಉಳಿದ್ರೆ ಹೆಡ್ ಇಳಿಸಬೇಕಾಗುತ್ತೆ. ಹಿಂದಿನ ಸಂಜೆಯಿಂದ ಎರಡು ಮೂರು ಸಲ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಮಾರನೇ ದಿನ ಗಾಡಿ ಚೆನ್ನಾಗಿ ಬಿಸಿಯಾಗೋವರೆಗೆ ಓಡಿಸಿ, ಬಿಸಿ ಇರುವಾಗಲೇ ಉದ್ದ ಸಾಕೆಟ್ ಹಾಕಿ ಕಾಲು ಸುತ್ತು ಬಿಚ್ಚಿ, ಅರ್ಧ ಹಿಂದಕ್ಕೆ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೀಗೇ ಹಿಂದೆ ಮುಂದೆ. ಕಿರ್ ಅಂದ್ರೆ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಡಿ. ಹೊಸದು ಹಾಕೋ ಮೊದಲು ತೂತಿನ ಮಸಿ ತೆಗೆಯಿರಿ, ಇಲ್ಲಾಂದ್ರೆ ಅದೂ ಬೇಗ ಸುಡುತ್ತೆ.

ಹೇಮಾವತಿ_ಡೀಸೆಲ್
ಬಿಚ್ಚಿದ್ದಾಗಲೇ ನಾಝಲ್‌ಗಳ ಮಧ್ಯದ ಬಟ್ಟೆ ಹೊದಿಕೆಯ ಓವರ್‌ಫ್ಲೋ ಪೈಪೂ ಬದಲಾಯಿಸಿ. ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಹಳೇದನ್ನ ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ಅಲ್ಲೂ ಗಾಳಿ ಎಳೆಯುತ್ತೆ. ಅಲ್ಲಿಯವರೆಗೆ ಶೆಡ್ಡಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ.