ಬೆಕ್ಕಿನ ಬಾಯಿಂದ ಜೊಲ್ಲು, ಜೊತೆಗೆ ಕೆಟ್ಟ ವಾಸನೆ: ಏನಿರಬಹುದು?

ತೋಟದಮನೆ_ಬದಿಯಡ್ಕ
ನಮ್ಮದು ಆರೇಳು ವರ್ಷದ ಗಂಡು ಬೆಕ್ಕು. ಕೆಲವು ವಾರಗಳಿಂದ ಅದರ ಬಾಯಿ ನಾರುತ್ತಿದೆ. ಈಗ ಜೊಲ್ಲೂ ಶುರುವಾಗಿದೆ, ಗಲ್ಲದ ಕೆಳಗಿನ ರೋಮ ಯಾವಾಗಲೂ ಒದ್ದೆ. ಬಂಗುಡೆ ತಲೆ ಹಾಕಿದರೆ ಓಡಿ ಬರುತ್ತದೆ, ಒಮ್ಮೆ ಕಚ್ಚುತ್ತದೆ, ತಲೆ ಕೊಡವಿ ಬಿಟ್ಟು ಹೋಗುತ್ತದೆ. ಮುಳ್ಳು ಸಿಕ್ಕಿರಬೇಕು ಅಂತ ಇವರು ಹೇಳುತ್ತಾರೆ. ಉಪ್ಪು, ಅರಸಿನ ಉಜ್ಜು ಅಂತ ಅತ್ತೆ. ಮೊನ್ನೆ ಅಡಿಕೆಗೆ ಮದ್ದು ಬಿಟ್ಟಿದ್ದಾರೆ, ನನಗೆ ಅದರದ್ದೇ ಸಂಶಯ. ಎಲ್ಲಿಂದ ನೋಡಲಿ?

ಕುಂಬಳೆ_ಕಡಲು
ಮುಳ್ಳು ಸಿಕ್ಕಿದರೆ ಆ ಕ್ಷಣವೇ ಗೊತ್ತಾಗುತ್ತದೆ ಅಕ್ಕ. ಬೆಕ್ಕು ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ಓಕರಿಸುತ್ತದೆ, ಸುಮ್ನೆ ಕೂರುವುದಿಲ್ಲ. ಕೆಲವು ಸಲ ಮುಳ್ಳು ಮೇಲಿನ ಎರಡು ದವಡೆ ಹಲ್ಲುಗಳ ನಡುವೆ ಅಂಗುಳಕ್ಕೆ ಅಡ್ಡವಾಗಿ ಕೂತಿರುತ್ತದೆ. ಹಾಗೆ ಕೂತು ಕೆಲವು ದಿನ ಆದರೆ ಅದೂ ನಾರುತ್ತದೆ. ನಿಮ್ಮಲ್ಲಿ ವಾಸನೆ ಮೊದಲು, ಜೊಲ್ಲು ಆಮೇಲೆ ಅಲ್ವಾ? ಇದು ಮುಳ್ಳಿನ ಕತೆಯಂತೆ ಕಾಣುವುದಿಲ್ಲ.

ಹಳೆ_ಕಾಂಪೌಂಡರ್_ಮಂಜೇಶ್ವರ
ಮೊದಲು ಒಂದು ಮಾತು. ಬೆಕ್ಕಿಗೆ ಇದ್ದಕ್ಕಿದ್ದಂತೆ ಜೊಲ್ಲು ಬಂದು, ನುಂಗಲು ಆಗದೆ, ಸ್ವಭಾವವೇ ಬದಲಾಗಿದ್ದರೆ ಬಾಯಿಗೆ ಕೈ ಹಾಕಬೇಡಿ. ರೇಬೀಸ್ ಬೆಕ್ಕಿಗೂ ಬರುತ್ತದೆ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ನಿಮ್ಮ ಬೆಕ್ಕಿನ ಲಕ್ಷಣ ಹಾಗಿಲ್ಲ. ಆದರೂ ಅದಕ್ಕೆ ಲಸಿಕೆ ಆಗಿದೆಯಾ ಅಂತ ನೋಡಿಕೊಳ್ಳಿ.

ಇನ್ನು ನಿಮ್ಮ ಬರಹದಲ್ಲೇ ಒಂದು ಸುಳಿವು ಇದೆ. ಹಸಿವಿನಿಂದ ಓಡಿ ಬಂದು, ಕಚ್ಚಿದ ಮೇಲೆ ಬಿಟ್ಟು ಹೋಗುವ ಬೆಕ್ಕಿಗೆ ನೋವು ಬಾಯಲ್ಲೇ ಇರುತ್ತದೆ. ಬಟ್ಟಲಿನ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿ ಮುಖ ತಿರುಗಿಸುವ ಬೆಕ್ಕಿಗೆ ಹೊಟ್ಟೆ ತೊಳಸುತ್ತಿರುತ್ತದೆ, ಆಗ ಕಿಡ್ನಿ, ಲಿವರ್ ಕಡೆ ನೋಡಬೇಕು. ಎರಡಕ್ಕೂ ಜೊಲ್ಲು ಬರುತ್ತದೆ, ಎರಡೂ ನಾರುತ್ತವೆ. ಅದಕ್ಕೇ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಿಡ್ನಿ ಕೆಟ್ಟರೆ ಉಸಿರಿಗೆ ಮೂತ್ರದಂಥ ಘಾಟು, ಬಾಯಲ್ಲಿ ಹುಣ್ಣೂ ಆಗಬಹುದು. ಆದ್ದರಿಂದ ಹುಣ್ಣು ಕಂಡ ಕೂಡಲೇ ಬರೀ ಬಾಯಿಯ ಕಾಯಿಲೆ ಅಂತ ತೀರ್ಮಾನಿಸಬೇಡಿ. ನೀರು ಕುಡಿಯುವುದು ಜಾಸ್ತಿ ಆಗಿದೆಯಾ? ತೂಕ ಇಳಿದಿದೆಯಾ?

ಬಾಯಿಯಲ್ಲೇ ಆದರೆ ಹೆಚ್ಚು ಕಾಣುವುದು ಹಲ್ಲಿನ ಪಾಚಿ, ಒಸಡಿನ ಊತ. ಬೆಕ್ಕು ಬಿಟ್ಟರೆ ಮಾತ್ರ ತುಟಿಯನ್ನು ಬದಿಯಿಂದ ಮೆಲ್ಲ ಎತ್ತಿ ನೋಡಿ. ಹಲ್ಲಿನ ಬುಡದಲ್ಲಿ ಒಂದು ಕೆಂಪು ಗೆರೆ ಇದ್ದರೆ ಅದು ಒಸಡಿನ ಉರಿಯೂತ. ಗಂಟಲಿನ ಹತ್ತಿರ, ದವಡೆಗಳು ಕೂಡುವ ಮೂಲೆಯಲ್ಲಿ ಹಸಿ ಮಾಂಸದ ಹಾಗೆ ಕೆಂಪಗಿದ್ದರೆ ಅದು ಬೇರೆಯೇ. ಡಾಕ್ಟ್ರು ಅದಕ್ಕೆ ಸ್ಟೊಮಟೈಟಿಸ್ ಎನ್ನುತ್ತಾರೆ. ತುಂಬ ನೋವಿನ ಕಾಯಿಲೆ. ಬೆಕ್ಕಿನ ಫ್ಲೂ ತರುವ ಕ್ಯಾಲಿಸಿವೈರಸ್ ಇಂಥ ಬೆಕ್ಕುಗಳಲ್ಲಿ ಬಹಳ ಸಲ ಸಿಗುತ್ತದೆ. ಎಫ್‌ಐವಿ, ಎಫ್‌ಇಎಲ್‌ವಿ ಎಂಬ, ಬೆಕ್ಕಿನ ರೋಗ ತಡೆಯುವ ಶಕ್ತಿ ಕುಗ್ಗಿಸುವ ವೈರಸ್‌ಗಳ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಇನ್ನೊಂದು, ಹಲ್ಲೇ ಕರಗಿ ಹೋಗುವ ಕಾಯಿಲೆ. ಹೊರಗಿನಿಂದ ಒಸಡು ಹಲ್ಲಿನ ಮೇಲೆ ಬೆಳೆದಂತೆ ಕಾಣುತ್ತದೆ, ಬುಡದಲ್ಲಿ ತೂತು ಬಿದ್ದಿರುತ್ತದೆ. ಎಕ್ಸ್‌ರೇ ಇಲ್ಲದೆ ಪೂರ್ತಿ ಗೊತ್ತಾಗುವುದಿಲ್ಲ. ವಯಸ್ಸಾದ ಬೆಕ್ಕಿನಲ್ಲಿ ಒಂದೇ ಬದಿ ಊದಿ, ಜೊಲ್ಲಲ್ಲಿ ರಕ್ತ ಬಂದರೆ ಗಡ್ಡೆಯನ್ನೂ ನೋಡಬೇಕಾಗುತ್ತದೆ.

ನಾಲಿಗೆ ಬುಡದಲ್ಲಿ ದಾರ ಸುತ್ತಿಕೊಂಡದ್ದು ಕಂಡರೆ ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿ ಇದ್ದರೆ ಕರುಳು ಕೊಯ್ದು ಹೋಗುತ್ತದೆ.

ಅಡಿಕೆ_ಮತ್ತು_ಬೆಕ್ಕು
ಅಡಿಕೆಗೆ ಬಿಡುವ ಮದ್ದು, ಅಂದರೆ ಸುಣ್ಣ ಬೆರೆಸಿದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ವಿಷಯ ನಾನು ಹೇಳುತ್ತೇನೆ, ನಮ್ಮದೂ ತೋಟ. ಮದ್ದು ಬಿದ್ದ ಹುಲ್ಲಿನ ಮೇಲೆ ನಡೆದ ಬೆಕ್ಕು ಆಮೇಲೆ ಕಾಲು ನೆಕ್ಕುತ್ತದೆ. ಸುಣ್ಣ, ತುತ್ತು ಎರಡೂ ಬಾಯಿಗೆ ಉರಿ. ಜೊಲ್ಲು, ವಾಂತಿ ಬರುತ್ತದೆ. ಆದರೆ ಅದು ಅಂದಂದಿಗೇ ಕಾಣುವ ತೊಂದರೆ, ವಾರಗಟ್ಟಲೆ ಮೊದಲೇ ಬಾಯಿ ನಾರುವುದಿಲ್ಲ. ಮದ್ದು ಬಿಡುವ ದಿನ ಬೆಕ್ಕನ್ನು ಒಳಗೆ ಹಾಕಿ. ರಬ್ಬರ್ ಹಾಲು ಗಟ್ಟಿ ಮಾಡುವ ಆಸಿಡ್ ಇನ್ನೂ ಕೆಟ್ಟದ್ದು, ಮುಚ್ಚಿಡಿ. ನಾಯಿಯ ಬೆನ್ನಿಗೆ ಉಣ್ಣಿಗೆಂದು ಹಾಕುವ ಪರ್ಮೆಥ್ರಿನ್ ಇರುವ ಮದ್ದನ್ನು ಬೆಕ್ಕಿಗೆ ಹಾಕಲೇಬಾರದು. ಜೊಲ್ಲು, ಮೈ ನಡುಕ, ಫಿಟ್ಸ್, ಸಾವು ಕೂಡ ಆಗುತ್ತದೆ. ಕಹಿ ಮದ್ದು ಕುಡಿಸಿದಾಗ ನೊರೆ ಬರುತ್ತದಲ್ಲ, ಅದಕ್ಕೆ ಮಾತ್ರ ಹೆದರಬೇಕಿಲ್ಲ. ತಾನಾಗಿ ನಿಲ್ಲುತ್ತದೆ.

ಪೆರ್ಲದ_ಹುಡುಗ
ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೆ ಆಗದಾ?

ಹಳೆ_ಕಾಂಪೌಂಡರ್_ಮಂಜೇಶ್ವರ
ಖಂಡಿತ ಬೇಡ ಮಾರಾಯ್ರೆ! ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಬಹಳ ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ, ಮುಖ ಊದುತ್ತದೆ, ಒಸಡು ಕಂದಾಗುತ್ತದೆ. ಒಂದು ಮಾತ್ರೆ ಸಾಕು ಕೊಲ್ಲಲು. ಉಪ್ಪು, ಅರಸಿನ ಕೂಡ ಉಜ್ಜುವುದು ಬೇಡ, ಹುಣ್ಣಿಗೆ ಉಪ್ಪು ಹಾಕಿದ ಮೇಲೆ ಬೆಕ್ಕು ಮತ್ತೆ ಕೈಗೆ ಸಿಗುವುದಿಲ್ಲ. ನಮ್ಮ ಟೂತ್‌ಪೇಸ್ಟೂ ಬೇಡ, ಬೆಕ್ಕು ಉಗುಳುವುದಿಲ್ಲ, ನುಂಗುತ್ತದೆ.

ಅಕ್ಕ, ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಹೊಟ್ಟೆಗಿಲ್ಲದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ, ದಪ್ಪ ಬೆಕ್ಕಿಗೆ ಬೇಗ.

ತೋಟದಮನೆ_ಬದಿಯಡ್ಕ
ನೀರು ಮೊದಲಿನಷ್ಟೇ ಕುಡಿಯುತ್ತದೆ, ಲಸಿಕೆ ಆಗಿದೆ. ಮೃಗಾಸ್ಪತ್ರೆಗೆ ತೋರಿಸಿದೆವು. ಬಲಬದಿಯ ಕೆಳ ದವಡೆ ಮುಟ್ಟಿದ ಕೂಡಲೇ ಬೆಕ್ಕಿನ ಗಲ್ಲ ನಡುಗಿತು, ಡಾಕ್ಟ್ರು ಅಲ್ಲೇ ಹಲ್ಲು ಕರಗುವ ಕಾಯಿಲೆ ಇರಬಹುದು ಅಂದರು. ಹಲ್ಲಿನ ಎಕ್ಸ್‌ರೇಗೆ ಮಂಗಳೂರಿಗೆ ಕಳಿಸಿದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸರಿ ಇದೆ. ಅರಿವಳಿಕೆ ಕೊಟ್ಟು ಎರಡು ಹಲ್ಲು ತೆಗೆದರು, ಉಳಿದವನ್ನು ಶುಚಿ ಮಾಡಿದರು. ಸಿಮೆಂಟ್ ತುಂಬಿ ಉಳಿಸಲು ಆಗುವುದಿಲ್ಲವಾ ಅಂತ ಕೇಳಿದೆ. ಕರಗುವುದು ಒಳಗೆ ಮುಂದುವರಿಯುತ್ತದೆ, ಪ್ರಯೋಜನ ಇಲ್ಲ ಅಂದರು. ಜೊಲ್ಲು ಈಗ ಕಮ್ಮಿ. ಇನ್ನು ಬಂಗುಡೆ ಕೊಡಬಹುದಾ?

ಹಳೆ_ಕಾಂಪೌಂಡರ್_ಮಂಜೇಶ್ವರ
ಕೊಡಿ, ಆದರೆ ಬೇಯಿಸಿ, ಮುಳ್ಳು ತೆಗೆದು, ಕಿವುಚಿ. ಹೊಲಿಗೆ ಕೂಡುವವರೆಗೆ ಒಣ ತಿಂಡಿಯನ್ನು ನೀರಲ್ಲಿ ನೆನೆಸಿಯೇ ಹಾಕಿ. ನೋವಿನ ಮದ್ದು ಡಾಕ್ಟ್ರು ಹೇಳಿದ ಹನಿಗಿಂತ ಒಂದೂ ಹೆಚ್ಚು ಬೇಡ. ಮತ್ತೆ ವರ್ಷಕ್ಕೊಮ್ಮೆ ಬಾಯಿ ತೋರಿಸಿ, ಒಂದು ಹಲ್ಲಿಗೆ ಬಂದದ್ದು ಇನ್ನೊಂದಕ್ಕೂ ಬರುವುದುಂಟು.