ಎಲ್ಲರೂ ಒಂದೇ ಆರ್ಕಿಡ್ ಬೆಳೆಸುವುದಾದರೆ ಯಾವುದು: ಸೀತಾಳೆಯೋ, ಸೋನಿಯಾವೋ, ವಾಂಡಾವೋ?

ಚಿಂತಾಮಣಿ ಅಂಗಳ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ನಾವು ಒಂಬತ್ತು ಮನೆಯವರು ಬರುವ ಯುಗಾದಿಯಿಂದ ಒಂದೇ ಜಾತಿಯ ಆರ್ಕಿಡ್ ಬೆಳೆಸಿ, ತಿಂಗಳಿಗೊಮ್ಮೆ ಅದರ ಬೇರು, ಎಲೆ, ಹೂವುಗಳನ್ನು ಹೋಲಿಸಿ ನೋಡಬೇಕೆಂದು ಮಾತಾಡಿಕೊಂಡಿದ್ದೇವೆ. ನನ್ನ ಆಯ್ಕೆ ಸೀತಾಳೆ. ಮಲೆನಾಡಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಮರದ ಕೊಂಬೆಯಿಂದ ನರಿಬಾಲದಂತೆ ಇಳಿಬೀಳುವ ಅದರ ಹೂಗೊಂಚಲನ್ನು ಕಂಡವರಿಗೆ ಬೇರೆ ಕಾರಣ ಹೇಳಬೇಕಿಲ್ಲ. ಅಸ್ಸಾಂ ರಾಜ್ಯದ ಪುಷ್ಪವೂ ಇದೇ. ಅಲ್ಲಿನ ಹೆಣ್ಣುಮಕ್ಕಳು ಬಿಹು ಹಬ್ಬದಲ್ಲಿ ಇದನ್ನೇ ಮುಡಿಯುತ್ತಾರೆ. ನಮ್ಮ ನೆಲದ ಗಿಡವಿರುವಾಗ ಹೊರಗಿನ ಮಿಶ್ರತಳಿಗೆ ಹೋಗುವುದೇಕೆ?

ಮಾಲೂರು ಮಹಡಿ: "ನಮ್ಮ ನೆಲದ ಗಿಡ" ಎಂಬ ಮಾತನ್ನು ಒಪ್ಪಲಾರೆ. ಮಲೆನಾಡಿನ ಸಾಗರ ಊರಿನ ನೆಲ ಬೇರೆ, ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಕಾಣುವ ಮಾಲೂರಿನ ನೆಲ ಬೇರೆ. ಮಾರ್ಚ್ ತಿಂಗಳ ಒಣಗಾಳಿಗೆ ಸೀತಾಳೆಯ ಬೇರು ಸುರುಟಿಕೊಳ್ಳುತ್ತದೆ. ಸೋನಿಯಾ ಎಂಬ ಮಿಶ್ರತಳಿ ಡೆಂಡ್ರೋಬಿಯಂ ಆರ್ಕಿಡ್ ತನ್ನ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಹೂ ಬಿಡುವ ವಯಸ್ಸಿನ ಗಿಡವೇ ಬೆಂಗಳೂರಿನ ನರ್ಸರಿಗಳಲ್ಲಿ ಸಿಗುತ್ತದೆ. ಐದು ವರ್ಷದಿಂದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೇನೆ, ಅದಕ್ಕೂ ಒಗ್ಗಿಕೊಂಡಿದೆ.

ನಂದಿ ತಪ್ಪಲು: "ಒಗ್ಗಿಕೊಂಡಿದೆ" ಎನ್ನುವ ಮೊದಲು ದಯವಿಟ್ಟು ಬೇರನ್ನು ನೋಡಿ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಮೀಟರಿನಲ್ಲಿ ಲೀಟರಿಗೆ 940 ಮಿಲಿಗ್ರಾಂ ತೋರಿಸಿತು. ಆರು ತಿಂಗಳು ಅದನ್ನೇ ಹಾಕಿದ ಮೇಲೆ ಮಣ್ಣಿನ ಕುಂಡದ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತು, ಹೊಸ ಬೇರಿನ ಹಸಿರು ತುದಿಗಳು ಒಂದೊಂದಾಗಿ ಕಂದಿ ಕಪ್ಪಾಗಿ ಅಲ್ಲಿಗೇ ನಿಂತುಹೋದವು. ಆರೋಗ್ಯವಾಗಿರುವ ಬೇರು ಒಣಗಿದಾಗ ಬೂದಿಯಂತೆ ಬೆಳ್ಳಗಿರುತ್ತದೆ, ನೀರು ತಾಗಿದ ಸ್ವಲ್ಪ ಹೊತ್ತಿಗೇ ಹಸಿರಾಗುತ್ತದೆ. ಅದರ ಹೊರಗಿನ ಸ್ಪಂಜಿನಂಥ ಪದರ ನೀರನ್ನು ಹೀರುವಾಗ ಉಪ್ಪೂ ಜೊತೆಗೆ ಬರುತ್ತದೆ. ನೀರು ಆರಿಹೋದ ಮೇಲೆ ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲು ನೀರು ಯಾವುದೆಂದು ತೀರ್ಮಾನಿಸೋಣ, ಗಿಡ ಆಮೇಲೆ.

ಮಾಲೂರು ಮಹಡಿ: 940 ನಿಮ್ಮ ಬೋರ್‌ವೆಲ್ಲಿನ ಲೆಕ್ಕ, ನನ್ನದಲ್ಲ. ನನ್ನ ಗಿಡ ಕಳೆದ ದೀಪಾವಳಿಗೆ ಮೂರು ತೆನೆ ಹೂ ಕೊಟ್ಟಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ನೀರನ್ನು ಕುದಿಸಿ ಆರಿಸಿದರೆ ಗಡಸುತನ ಇಳಿಯುತ್ತದೆ ಎಂಬುದು ಶಾಲೆಯ ಪಾಠದಲ್ಲೇ ಇದೆ.

ನಂದಿ ತಪ್ಪಲು: ಆ ಪಾಠವನ್ನು ಕೊನೆಯವರೆಗೂ ಓದಬೇಕು. ಕುದಿಸಿದಾಗ ತಳಕ್ಕೆ ಕೂರುವುದು ಬೈಕಾರ್ಬೊನೇಟಿನಿಂದ ಬಂದ ಗಡಸು ಮಾತ್ರ. ಕ್ಲೋರೈಡ್, ಸಲ್ಫೇಟ್, ಸೋಡಿಯಂ, ಫ್ಲೋರೈಡ್ ಅಲ್ಲೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಅವು ಇನ್ನಷ್ಟು ಗಾಢವಾಗುತ್ತವೆ. ಮೃದುಕಾರಿ ಯಂತ್ರ ಬಳಸಿದರೂ ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬರುತ್ತದೆ. ಉಳಿದ ದಾರಿ ಮಳೆನೀರು: ಹತ್ತಡಿ ಉದ್ದ, ಹತ್ತಡಿ ಅಗಲದ ತಗಡಿನ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 90 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಗಿಡಕ್ಕೆ ದಿನಕ್ಕೆ ಅರ್ಧ ಲೀಟರಿನಂತೆ ಮಳೆಯಿಲ್ಲದ ಐದು ತಿಂಗಳಿಗೆ ಬೇಕಾಗುವುದು 75 ಲೀಟರ್. ಒಂದು ಡ್ರಮ್ ಸಾಕು.

ಮಾಲೂರು ಮಹಡಿ: "ಒಂದು ಡ್ರಮ್ ಸಾಕು" ಎನ್ನುವವರು ಡೆಂಗ್ಯೂ ಬಂದ ಮನೆಯನ್ನು ನೋಡಿಲ್ಲ. ಐದು ತಿಂಗಳು ನಿಂತ ನೀರನ್ನು ಮಹಡಿಯ ಮೇಲಿಡಲು ನಮ್ಮ ಮನೆಯಲ್ಲಿ ನಾನು ಬಿಡುವುದಿಲ್ಲ.

ನಂದಿ ತಪ್ಪಲು: ಡ್ರಮ್ಮಿಗೆ ಮುಚ್ಚಳವಿದೆ, ಮುಚ್ಚಳದ ಕೆಳಗೆ ಬಲೆ ಕಟ್ಟಬಹುದು. ಉಪ್ಪಿನ ವಿಷಯಕ್ಕೆ ಉತ್ತರ ಬಂದಿಲ್ಲ.

ತಿಪಟೂರು ತೋಟ: ಡ್ರಮ್ಮಿನ ಜಗಳ ಸಾಕು. ಒಣನಾಡಿಗೆ ಒಣನಾಡಿನ ಗಿಡವನ್ನೇ ತರಬೇಕು, ಅದು ವಾಂಡಾ ಟೆಸೆಲ್ಲಾಟಾ. ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ 1795ರಲ್ಲೇ ಕೋರಮಂಡಲದ ಸಸ್ಯಗಳ ನಡುವೆ ಇದನ್ನು ವರ್ಣಿಸಿದ್ದಾನೆ. ಚೌಕಳಿ ಗೆರೆಯ ಹಳದಿಗಂದು ಎಸಳು, ನೀಲಿ ನೇರಳೆ ತುಟಿ, ಒಳ್ಳೆಯ ಪರಿಮಳ. ನಮ್ಮೂರಲ್ಲಿ ಇದನ್ನು ಬಂದಳಿಕೆಯೆಂದು ತಿಳಿದು ಮರದಿಂದ ಕಿತ್ತೆಸೆಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಂದಳಿಕೆ ಮರದ ರಸ ಹೀರುತ್ತದೆ, ಇದು ತೊಗಟೆಯನ್ನು ಹಿಡಿದು ನಿಲ್ಲುತ್ತದೆ ಅಷ್ಟೆ. ತೆಂಗಿನ ಸಿಪ್ಪೆಯನ್ನು ವಾರವಿಡೀ ನೆನೆಸಿ, ಕಂದು ನೀರು ಚೆಲ್ಲಿ ಗಿಡ ಕಟ್ಟಿದರಾಯಿತು. ತೋಪಿನ ಹಳೇ ಮರದಲ್ಲಿ ನಾಲ್ಕಾರಿವೆ, ಬಿಡಿಸಿ ತರಬಲ್ಲೆ.

ಮಾಲೂರು ಮಹಡಿ: ಕೋರಮಂಡಲ ಎಂದರೆ ಕಡಲತೀರ, ಅಲ್ಲಿ ಗಾಳಿಯಲ್ಲೇ ತೇವವಿದೆ. ಅದು ಒಣನಾಡಿಗೆ ಸಾಕ್ಷಿಯಾಗುವುದು ಹೇಗೆ?

ಮಧುಗಿರಿ ಓದುಗ: "ಬಿಡಿಸಿ ತರಬಲ್ಲೆ" ಎಂದವರು ಇಲ್ಲಿ ಇರಲೇಬಾರದು. ಗಿಡ ಉಳಿಸಬೇಕಾದವರೇ ಮರ ಬೋಳಿಸುವುದಾದರೆ ಈ ಗುಂಪು ಏಕೆ ಬೇಕು? ಇಡೀ ಆರ್ಕಿಡ್ ಕುಟುಂಬವೇ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ!

ತಿಪಟೂರು ತೋಟ: ಸೈಟಿಸ್ ಇರುವುದು ದೇಶದಿಂದ ದೇಶಕ್ಕೆ ನಡೆಯುವ ವ್ಯಾಪಾರಕ್ಕೆ. ನಾನು ಹೇಳಿದ್ದು ಸ್ವಂತ ತೋಪಿನ, ನಾಳೆ ಉರುಳಲಿರುವ ಮರದ ಮಾತು. ಕಾಡಿಗೆ ಕೈ ಹಾಕುತ್ತೇನೆಂದು ನಾನು ಎಲ್ಲಿ ಬರೆದೆ?

ಮಧುಗಿರಿ ಓದುಗ: "ನಾಳೆ ಉರುಳಲಿರುವ" ಎಂಬುದನ್ನು ಈಗ ಸೇರಿಸಿದ್ದೀರಿ, ಮೊದಲ ಬರಹದಲ್ಲಿ ಅದಿರಲಿಲ್ಲ.

ಚಿಂತಾಮಣಿ ಅಂಗಳ: ಒಂಬತ್ತು ಮನೆಗೂ ಬೀಜದಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆದ ಗಿಡವನ್ನೇ ಕೊಳ್ಳುವುದು, ಇದು ಮಾತ್ರ ನನ್ನ ಕಡೆಯಿಂದ ಖಚಿತ. ಸೀತಾಳೆಯನ್ನು ನಾನಿನ್ನೂ ಬಿಟ್ಟಿಲ್ಲ. ಬಿದಿರು ಬುಟ್ಟಿಯಲ್ಲಿ ಇದ್ದಿಲ ತುಂಡುಗಳ ನಡುವೆ ಕಟ್ಟಿ, ಬಾವಿಕಟ್ಟೆಯ ನೆರಳಿನಲ್ಲಿ ತೂಗುಹಾಕಿದ ನನ್ನ ಗಿಡ ಎರಡು ಬೇಸಿಗೆ ಕಳೆದಿದೆ.

ಮಾಲೂರು ಮಹಡಿ: ಕಳೆದಿದೆ ಸರಿ, ಹೂ ಬಿಟ್ಟಿದೆಯೇ?

ಚಿಂತಾಮಣಿ ಅಂಗಳ: ಈ ಮೇ ತಿಂಗಳಿಗೆ ಬಿಡುತ್ತದೆ.

ನಂದಿ ತಪ್ಪಲು: ಬಾವಿಕಟ್ಟೆ ಎಂದಿರಿ. ಬಾವಿಯ ನೀರಿನ ಟಿಡಿಎಸ್ ಎಷ್ಟು?